ಭಾನುವಾರದ ಬೀದರ್ ಶಿಲಾವೀಕ್ಷಣೆ: ಸದಸ್ಯರ ಗಮನಕ್ಕೆ

ಬಳಗದ ಎಲ್ಲರಿಗೂ ಶರಣು ಶರಣಾರ್ಥಿ.

ಬರುವ ಭಾನುವಾರ ಬೆಳಿಗ್ಗೆ 6 ಗಂಟೆಗೆ ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದ ಮುಂದಿನಿಂದ ನಮ್ಮ ವಾಹನ ಬೀದರಿಗೆ ಹೊರಡಲಿದೆ. ಹೆಸರು ಕೊಟ್ಟವರೆಲ್ಲರೂ ಹತ್ತು ನಿಮಿಷ ಮೊದಲೇ ಬರಬೇಕಾಗಿ ಕೋರುತ್ತೇನೆ.

ದಾರಿಯುದ್ದಕ್ಕೂ ಕಾಣುವ ಎರೆಭೂಮಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣಿದು ಬಸಾಲ್ಟ್ ಆಗಿ, ಆ ಕಪ್ಪು ಕಲ್ಲು ಕ್ರಮೇಣ ಶಿಥಿಲಗೊಂಡು ಉಂಟಾದ ಮಣ್ಣು. ಬೀದರಿನಲ್ಲಿ ಅದೇ ಬಸಾಲ್ಟಿನ ನೆತ್ತಿಯ ಮೇಲೆ ಜಂಬಿಟ್ಟಿಗೆಯ ಹೊದಿಕೆಯಿದೆ. ಬಿಸಿಲು-ಮಳೆಗಳ ದೀರ್ಘಕಾಲದ ಹೊಡೆತಕ್ಕೆ ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದುದರಿಂದಲೇ ಅದಕ್ಕೆ ಆ ಕೆಂಪು ಬಣ್ಣ ಬಂದಿದೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುವ ಈ ಕಲ್ಲಿನಲ್ಲೇ ಕೋಟೆಯ ಗೋಡೆಗಳು ಎದ್ದಿವೆ, ಕಂದಕಗಳೂ ಇದರಲ್ಲೇ ಕೊರೆದವು. (ಬಿದರಿ ಕಲೆಗೆ ಕಪ್ಪು ಹೊಳಪು ಕೊಡುವ ಮಣ್ಣೂ ಈ ಕೋಟೆಯದೇ ಎಂಬುದು ನನಗೆ ಇಂದಿಗೂ ಬೆರಗು.) ಮಧ್ಯಾಹ್ನ ನೌಬಾದಿನ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗ ಕಾಲುವೆ, ನೋಡೋಣ; ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಂಗಿದ ನೀರು ಕೆಳಗಿನ ಬಸಾಲ್ಟಿನ ಮೇಲೆ ನಿಲ್ಲುವುದನ್ನು ಅರಿತೇ ಆ ಸುರಂಗ ತೋಡಿದ್ದಾರೆ.

ಊಟದ ಡಬ್ಬಿ, ನೀರು, ಟೋಪಿ ಮತ್ತು ಇದ್ದರೆ ಭೂತಗನ್ನಡಿ ತನ್ನಿರಿ. ಕೋಟೆ ಸಂರಕ್ಷಿತ ಸ್ಮಾರಕವಾದ್ದರಿಂದ ಸುತ್ತಿಗೆ ಬೇಡ. ಕಲ್ಲಿನ ಚೂರನ್ನೂ ಯಾರೂ ಎತ್ತಿಕೊಳ್ಳಬಾರದು. ಹೋಲಿಕೆಗೆಂದು, ಸಮುದ್ರತಳದಲ್ಲಿ ಪದರುಪದರಾಗಿ ಕುಳಿತ ಸುಣ್ಣದ ಕಲ್ಲಾದ ಶಹಾಬಾದ ಕಲ್ಲಿನ ತುಂಡೊಂದು ಮನೆಯಲ್ಲಿದ್ದರೆ ಯಾರಾದರೊಬ್ಬರು ತರಬಹುದು.

ಬರುವವರು, ಬರಲಾಗದವರು ಇಬ್ಬರೂ ಗುರುವಾರ ಸಂಜೆಯೊಳಗೆ ಇಲ್ಲಿಯೇ ಉತ್ತರಿಸಬೇಕೆಂದು ವಿನಂತಿ.