ಕಪ್ಪೆ ಕೋಣೆಯ ಅಣ್ಣನಿಗೆ

ಸೋಮವಾರ ಥೀಸಿಸ್‌ನ ವೈವಾ ಮುಗಿಯಿತು. ಗೈಡ್, ಲ್ಯಾಬ್ ಗೆಳೆಯರು, ಯಲಹಂಕದ ರೂಮ್‌ಮೇಟ್‌ಗಳು, ಅಮ್ಮ, ಎಲ್ಲರಿಗೂ ಮನಸ್ಸು ತುಂಬಿ ಥ್ಯಾಂಕ್ಸ್. ಉಳಿದದ್ದೆಲ್ಲ ನಮ್ಮ ಕಪ್ಪೆಗಳನ್ನು ನೋಡಿಕೊಳ್ಳುವ ಅಣ್ಣನಿಗೆ.

2024ರ ಬೇಸಿಗೆ ನೆನಪಿದೆ ಅಲ್ವಾ? ಬೆಂಗಳೂರಲ್ಲಿ ಬೋರ್‌ವೆಲ್ ಬತ್ತಿ ಎಲ್ಲೆಡೆ ಟ್ಯಾಂಕರ್ ನೀರು. ನನ್ನ ಕ್ಸೆನೋಪಸ್ ಕಪ್ಪೆಗಳು ಇಟ್ಟ ಮೊಟ್ಟೆಯೆಲ್ಲ ಹಾಳಾಗುತ್ತಿದ್ದವು. ಅಣ್ಣ ನೀರು ಮೂಸಿ ನೋಡಿ, "ಕ್ಲೋರಿನ್ ಜಾಸ್ತಿ ಇದೆ. ಕಪ್ಪೆ ಚರ್ಮದಿಂದಲೇ ನೀರು ಕುಡಿಯೋದು" ಎಂದರು. ಆಮೇಲೆ ದಿನವೂ ಡ್ರಮ್ಮಿನಲ್ಲಿ ನೀರು ಹಿಡಿದು, ಎರಡು ದಿನ ಗಾಳಿಯಾಡಿಸಿ, ಆಮೇಲೆ ತೊಟ್ಟಿಗೆ ಹಾಕುತ್ತಿದ್ದರು. ಯಾರೂ ಹೇಳಿರಲಿಲ್ಲ. ಮೊಟ್ಟೆ ಸರಿಹೋದವು.

ಅದಾದ ಮೇಲೆ ಒಂದು ರಾತ್ರಿ ಹನ್ನೆರಡೂವರೆಗೆ ಹಾಸನದಿಂದ ಫೋನ್ ಬಂತು. ಭ್ರೂಣದ ಕೋಶಗಳು ಅರ್ಧ ಗಂಟೆಗೊಮ್ಮೆ ಒಡೆಯುತ್ತಾ ನಾಲ್ಕು ಸಾವಿರದ ಹತ್ತಿರ ಬಂದಿದ್ದವು. ನಾನು ತಿಂಗಳುಗಟ್ಟಲೆ ಕಾದಿದ್ದ ಹೊತ್ತು ಅದು. ಎಲ್ಲ ಚೆಲ್ಲಿಬಿಡೋಣ ಅಂದುಕೊಂಡೆ. ಅಣ್ಣ ನನ್ನ ಕೈಯಿಂದ ಪಿಪೆಟ್ ತಗೊಂಡು, "ನೀವು ಹೊರಡಿ, ನಾನಿದ್ದೀನಿ" ಎಂದರು.

ನಾನು ತಲುಪುವ ಮೊದಲೇ ಅಪ್ಪ ಹೋಗಿಬಿಟ್ಟಿದ್ದರು. ಅದರ ಬಗ್ಗೆ ಇನ್ನೂ ಬರೆಯೋಕೆ ಆಗಲ್ಲ.

ಹದಿನೈದು ದಿನ ಕಳೆದು ಲ್ಯಾಬ್‌ಗೆ ಬಂದೆ. ಫ್ರಿಜ್‌ನಲ್ಲಿ ಭ್ರೂಣಗಳಿದ್ದ ಹನ್ನೊಂದು ಶೀಶೆ. ಅರ್ಧ ಗಂಟೆಗೊಂದರಂತೆ ಬೆಳಗಿನವರೆಗೆ. ಮುಚ್ಚಳದ ಮೇಲೆ ಅಣ್ಣನ ಕೈಬರಹದಲ್ಲಿ ಕನ್ನಡ ಅಂಕಿ, ೧ರಿಂದ ೧೧. ಒಂದೂ ತಪ್ಪಿರಲಿಲ್ಲ.

ಮೈಕ್ರೋಸ್ಕೋಪ್‌ನಲ್ಲಿ ಅವರಿಗೇ ಮೊದಲು ತೋರಿಸಿದೆ. ಮೊದಲ ಶೀಶೆಗಳಲ್ಲಿ ಕೋಶದ ನ್ಯೂಕ್ಲಿಯಸ್ಸಿನೊಳಗೆಲ್ಲ ಸಣ್ಣ ಸಣ್ಣ ಚುಕ್ಕೆಗಳು. ಕೊನೆಯವುಗಳಲ್ಲಿ ಚುಕ್ಕೆಗಳು ಕೂಡಿಕೊಂಡು ಒಂದೋ ಎರಡೋ ದುಂಡನೆಯ ನ್ಯೂಕ್ಲಿಯೋಲಸ್. ಕೋಶಕ್ಕೆ ಪ್ರೋಟೀನು ಮಾಡಿಕೊಡುವ ರೈಬೋಸೋಮ್ ತಯಾರಾಗುವುದು ಅಲ್ಲೇ. ಆದರೆ ಭ್ರೂಣ ರೈಬೋಸೋಮ್‌ಗೆ ಬೇಕಾದ ಆರ್‌ಎನ್‌ಎಯನ್ನು ತಾನೇ ಮಾಡಲು ಶುರುಮಾಡುವ ಮೊದಲೇ ಚುಕ್ಕೆ ಮೂಡಿರುತ್ತದೆ. ತಾಯಿ ಮೊಟ್ಟೆಯೊಳಗೆ ಇಟ್ಟುಹೋದ ಪ್ರೋಟೀನು, ಆರ್‌ಎನ್‌ಎ ಸೇರಿ ಆದ ಚುಕ್ಕೆ ಅದು.

"ಅಂದ್ರೆ ತಾಯಿ ಕಟ್ಟಿಕೊಟ್ಟ ಬುತ್ತಿ" ಎಂದರು ಅಣ್ಣ. ಸ್ವಲ್ಪ ಹೊತ್ತು ಬಿಟ್ಟು, "ಎಷ್ಟು ದಿನ ಬರುತ್ತೆ?" ಎಂದು ಕೇಳಿದರು.

ಅದಕ್ಕೆ ಉತ್ತರ ಇತ್ತು. ನ್ಯೂಕ್ಲಿಯೋಲಸ್ಸೇ ಇಲ್ಲದ ಕಪ್ಪೆಮರಿಗಳ ಬಗ್ಗೆ ಆಕ್ಸ್‌ಫರ್ಡ್‌ನವರು 1958ರಲ್ಲಿ ಬರೆದಿದ್ದರು. ಅವು ಸ್ವಂತ ರೈಬೋಸೋಮ್ ಆರ್‌ಎನ್‌ಎ ಮಾಡುವುದಿಲ್ಲ ಎಂದು 1964ರಲ್ಲಿ ವಿಜ್ಞಾನಿಗಳಾದ ಡೊನಾಲ್ಡ್ ಬ್ರೌನ್ ಮತ್ತು ಜಾನ್ ಗರ್ಡನ್ ತೋರಿಸಿದರು. ಆದರೂ ಅವು ಮೊಟ್ಟೆಯಿಂದ ಹೊರಬಂದು ಕೆಲವು ದಿನ ಈಜುತ್ತವೆ, ತಾಯಿಯ ರೈಬೋಸೋಮ್‌ಗಳಿಂದಲೇ. ಇದನ್ನು ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಅಪ್ಪ ಹೋದ ಮೇಲೆ ಅತ್ತದ್ದು ಅದೇ ಮೊದಲು. ಅಣ್ಣ ಏನೂ ಕೇಳಲಿಲ್ಲ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, ಸುಮ್ನೆ ಪಕ್ಕದಲ್ಲಿ ಕೂತಿದ್ದರು.

ಅಣ್ಣ, ಥೀಸಿಸ್‌ನ ಒಂದು ಪ್ರತಿ ಕಪ್ಪೆ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಮೂರನೇ ಅಧ್ಯಾಯದ ಮೊದಲ ಚಿತ್ರ ನಿಮ್ಮ ೧೧ನೇ ಶೀಶೆಯದು. ಆ ಪುಟಕ್ಕೆ ದಾರ ಹಾಕಿದ್ದೇನೆ.