ಬೆಟ್ಟ ಸುತ್ತಿ ಬಂದೆ, ಚಿಕ್ಕಮ್ಮ

ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟದ ಪೂರ್ತಿ ಸುತ್ತು ಓಡಿ ಮುಗಿಸಿದೆ. ಮೆಟ್ಟಿಲು ಶುರುವಾಗುವ ಪಾದದಿಂದ ಹತ್ತಿ, ಉತ್ತನಹಳ್ಳಿ ಕಡೆ ಇಳಿದು, ಬೆಟ್ಟದ ಬುಡ ಬಳಸಿಕೊಂಡು ಮತ್ತೆ ಪಾದಕ್ಕೆ. ಹೋದ ವರ್ಷ ನನಗೆ ಏನಾಯ್ತು, ಆಪರೇಷನ್ ತನಕ ಯಾಕೆ ಹೋಯ್ತು ಅಂತ ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದು ಮಾತ್ರ ಬಾಕಿ ಇತ್ತು.

ರಕ್ತ ಕೊಡಲು ಓಡಿಬಂದ ನಮ್ಮ ಗುಂಪಿನ ಹುಡುಗರು, ರಜೆ ಬಗ್ಗೆ ಒಂದು ಮಾತೂ ಕೇಳದ ಆಫೀಸಿನವರು, ಹೆಜ್ಜೆ ಇಡುವುದನ್ನು ಮೊದಲಿಂದ ಕಲಿಸಿದ ಫಿಸಿಯೋ ಮೇಡಂ, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಆದರೆ ಇವತ್ತು ಜಾಸ್ತಿ ಬರೆಯಬೇಕಿರುವುದು ನಮ್ಮ ಚಿಕ್ಕಮ್ಮನ ಬಗ್ಗೆ.

ಆಪರೇಷನ್ ಆದ ಮಾರನೇ ರಾತ್ರಿ. ನೋವಿಗೆ ಕೊಟ್ಟ ಇಂಜೆಕ್ಷನ್ ಇಳಿದುಹೋಗಿತ್ತು, ಇನ್ನೊಂದಕ್ಕೆ ತುಂಬಾ ಹೊತ್ತಿತ್ತು. ಅಮ್ಮನನ್ನು ಮನೆಗೆ ಕಳಿಸಿ ಚಿಕ್ಕಮ್ಮ ಉಳಿದುಕೊಂಡರು. ಎಲ್ಲಾ ಸರಿಹೋಗುತ್ತೆ ಅಂತ ಒಂದು ಸಲವೂ ಹೇಳಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ನನ್ನ ಕೈ ಹಿಡಿದುಕೊಂಡರು. "ಬೆಟ್ಟ ಓಡ್ತೀಯಲ್ಲ, ಹೇಗೆ ಹೋಗ್ತೀಯ ಹೇಳು. ಪಾದದಿಂದ ಶುರು ಮಾಡು" ಅಂದರು.

ಹೇಳಿದೆ. ಸಾವಿರ ಮೆಟ್ಟಿಲು. ಶುರುವಲ್ಲೇ ತೊಡೆ ಉರಿಯುತ್ತೆ. ಓಡೋಕಾಗಲ್ಲ, ಮಂಡಿ ಮೇಲೆ ಕೈಯೂರಿಕೊಂಡು ಹತ್ತಬೇಕು. "ಆಮೇಲೆ?" ಸುಮಾರು 700 ಮೆಟ್ಟಿಲು ಆದ ಮೇಲೆ ನಂದಿ. "ಹೇಗಿದೆ ನಂದಿ?" ದೊಡ್ಡದೇವರಾಜ ಒಡೆಯರ ಕಾಲದ್ದು, ಒಂದೇ ಬಂಡೆಯಲ್ಲಿ ಕಡೆದದ್ದು, ಕೊರಳಲ್ಲಿ ಗಂಟೆಸರ. "ಅದರ ಹಿಂದೆ ಗುಹೇಲಿ ಈಶ್ವರ ಇದ್ದಾನಲ್ಲ, ಅವನನ್ನ ಬಿಟ್ಟೆ ನೀನು" ಅಂದರು. ಚಿಕ್ಕಮ್ಮ ಆಷಾಢದಲ್ಲಿ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವವರು. ನಾನು ಹಾರಿ ದಾಟುವ ಕಲ್ಲುಗಳೆಲ್ಲ ಅವರ ಬೆರಳಿಗೆ ಗೊತ್ತು.

ಮೇಲೆ ಹೋದೆವು. ಮಹಿಷಾಸುರನನ್ನು ದಾಟಿದೆವು. ಅಮ್ಮನ ಗುಡಿಗಿಂತ ಹಳೆಯದಾದ ಮಹಾಬಲೇಶ್ವರನ ಗುಡಿಯನ್ನೂ ಬಿಡಬಾರದು ಅಂದರು. ಇಳಿಯೋದೇ ಕಷ್ಟ ಚಿಕ್ಕಮ್ಮ, ಅಂದೆ. ಹತ್ತುವಾಗ ಉಸಿರು ಕಟ್ಟುತ್ತೆ ಅಷ್ಟೇ, ಇಳಿಯುವಾಗ ಹೆಜ್ಜೆ ಹೆಜ್ಜೆಗೂ ಮೈಭಾರವನ್ನೆಲ್ಲ ತೊಡೆಯೇ ತಡೆಯಬೇಕು. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಆ ಇಳಿಜಾರು ಇನ್ನು ನನ್ನ ಪಾಲಿಗಿಲ್ಲ ಅನ್ನಿಸಿತು. ನಾನು ಸಾಯ್ತೀನಾ, ಅಂತ ಕೇಳಿಬಿಟ್ಟೆ.

ಅವರು ಉತ್ತರ ಕೊಡಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿದರು. "ಉತ್ತನಹಳ್ಳಿ ಅಮ್ಮನ ಗುಡಿ ಬಂತಾ?" ಅಂದರು. ಚಾಮುಂಡಿಯ ತಂಗಿ ಅಂತ ನಮ್ಮ ಕಡೆ ಜನ ನಂಬುವ ಜ್ವಾಲಾಮುಖಿ ಅಮ್ಮ. ಬಂತು, ಅಂದೆ. "ಸರಿ, ನಡಿ ಪಾದಕ್ಕೆ."

ಬೆಳಗಿನ ತನಕ ಹೀಗೇ ಸುತ್ತಿದೆವು. ಚಿಕ್ಕಮ್ಮ ಕಣ್ಣು ಮುಚ್ಚಲಿಲ್ಲ, ಕೈ ಬಿಡಲಿಲ್ಲ. ನರ್ಸ್ ಬಂದು ಇಂಜೆಕ್ಷನ್ ಕೊಟ್ಟಾಗ ನಾವು ಮತ್ತೆ ನಂದಿ ಹತ್ತಿರ ಇದ್ದೆವು.

ಮೊನ್ನೆ ನಿಜವಾಗಿ ಅಲ್ಲಿಗೆ ಹೋದಾಗ ಗುಹೆಯೊಳಗೆ ಹೋಗಿ ಕೈ ಮುಗಿದೆ. ಗೆಳೆಯರು ಅವಸರ ಮಾಡದೆ ಕಾದರು, ಅದಕ್ಕೂ ಥ್ಯಾಂಕ್ಸ್. ಇಳಿಜಾರಿನಲ್ಲಿ ತೊಡೆ ನಡುಗಿತು, ಆದರೆ ಹಿಡಿದು ನಿಲ್ಲಿಸಿತು.

ಚಿಕ್ಕಮ್ಮ, ಈ ಆಷಾಢಕ್ಕೆ ಒಬ್ಬರೇ ಹತ್ತಬೇಡಿ. ಅರಿಶಿನ ಕುಂಕುಮದ ಬಟ್ಟಲು ನಾನು ಹಿಡಿದುಕೊಳ್ಳುತ್ತೇನೆ. ಎಷ್ಟು ಹೊತ್ತಾದರೂ ಪರವಾಗಿಲ್ಲ.