ಡ್ರಾಫ್ಟ್ ಆಟಗಾರರನ್ನು ತಕ್ಕಡಿಗೆ ಹಾಕುವ ಮುಂಚೆ

ಮಾನ್ಯ ಸಂಪಾದಕರೇ,

ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್‌ನ 2017ರ ಡ್ರಾಫ್ಟ್‌ನಲ್ಲಿ, ಅಂದರೆ ಕ್ಲಬ್‌ಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಂಡಾಗ, ಯಾರು ಪಾಸು, ಯಾರು ಫೇಲು ಎಂದು ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಪಟ್ಟಿ ನೋಡಿದೆ. ಕೊಟ್ಟ ದುಡ್ಡಿಗೆ ಎಷ್ಟು ಪಂದ್ಯ, ಎಷ್ಟು ಗೋಲು ಎಂದು ಭಾಗಿಸಿಬಿಟ್ಟಿದ್ದೀರಿ. ಟೊಮೆಟೊ ತೂಗಿದ ಹಾಗಾಯಿತು.

ಅಲ್ಲಿ ನಡೆದದ್ದು ಹರಾಜಲ್ಲ. ಪ್ರತಿ ಆಟಗಾರನ ರೇಟು ಮೊದಲೇ ನಿಗದಿಯಾಗಿತ್ತು. ಸರದಿ ಬಂದಾಗ ಹೆಸರು ಹೇಳುವುದಷ್ಟೇ ಕ್ಲಬ್‌ನ ಕೆಲಸ. ಹಾಗಿರುವಾಗ 'ಜಾಸ್ತಿ ದುಡ್ಡು ಸುರಿದರು' ಎಂದು ಕ್ಲಬ್ ಅನ್ನು ಬೈದರೆ ಏನು ಬಂತು?

ಯುಜೆನ್ಸನ್ ಲಿಂಗ್ಡೋಗೆ ನೀವು ಸೊನ್ನೆ ಕೊಟ್ಟಿದ್ದೀರಿ. ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಆಗ ಸುನಿಲ್ ಛೆಟ್ರಿ, ಉದಾಂತ ಸಿಂಗ್ ಅವರನ್ನು ಉಳಿಸಿಕೊಂಡು ಲಿಂಗ್ಡೋರನ್ನು ಬಿಟ್ಟಿತ್ತು. 2015ರಲ್ಲಿ ದೇಶದ ವರ್ಷದ ಆಟಗಾರ ಎನಿಸಿಕೊಂಡವರು. 1.10 ಕೋಟಿಗೆ ಕೋಲ್ಕತ್ತದ ಕ್ಲಬ್ ಎಟಿಕೆ ತೆಗೆದುಕೊಂಡಿತು. ಅವರ ಟೇಬಲ್ಲಿನಲ್ಲಿ ನಾನು ಕೂತಿದ್ದರೂ ಅದೇ ಹೆಸರು ಹೇಳುತ್ತಿದ್ದೆ. ಆಮೇಲೆ ಗಾಯವಾಯಿತು, ತಂಡ 9ನೇ ಸ್ಥಾನಕ್ಕೆ ಇಳಿಯಿತು. ಕಾಲು ಕೈಕೊಟ್ಟರೆ ಅದು ಆರಿಸಿದವರ ತಪ್ಪಾ?

ಇನ್ನು ರಾಹುಲ್ ಭೇಕೆ. ಆ ಡ್ರಾಫ್ಟ್‌ನಲ್ಲಿ ಬಿಎಫ್‌ಸಿ ಅವರನ್ನು ಕರೆದಾಗ ಯಾರೂ ಚಪ್ಪಾಳೆ ತಟ್ಟಿದ ನೆನಪಿಲ್ಲ. 2019ರ ಮಾರ್ಚ್ 17ರ ರಾತ್ರಿ ಮುಂಬೈನಲ್ಲಿ ಗೋವಾ ವಿರುದ್ಧ ಫೈನಲ್. ನಮ್ಮ ಮನೆಯಲ್ಲಿ ಎಲ್ಲರಿಗೂ ತೂಕಡಿಕೆ. 'ಪೆನಾಲ್ಟಿಗೆ ಹೋಗುತ್ತೆ, ಆಗ ಎಬ್ಬಿಸು' ಎಂದು ಅಣ್ಣ ಮಗ್ಗುಲು ಬದಲಿಸಿದ್ದ. 117ನೇ ನಿಮಿಷ, ದಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ಭೇಕೆ ತಲೆ ಕೊಟ್ಟರು, ಗೋಲು! ನನ್ನ ಕಿರುಚಾಟಕ್ಕೆ ಕೆಳಗಿನ ಮನೆಯವರೂ ಎದ್ದರು. ಬಿಎಫ್‌ಸಿಗೆ ಮೊದಲ ಐಎಸ್‌ಎಲ್ ಕಪ್!

ಆದರೆ ಆ ಒಂದು ಗೋಲಿನಿಂದ ಭೇಕೆ ಒಳ್ಳೆ ಆಯ್ಕೆ ಎಂದರೆ ನಾನೂ ನಿಮ್ಮ ತಕ್ಕಡಿಯನ್ನೇ ಹಿಡಿದಂತೆ. ಚೆಂಡು ಎರಡು ಇಂಚು ಆಚೆ ಹೋಗಿದ್ದರೂ ಅವರು ನಾಲ್ಕು ಸೀಸನ್ ಬಲಗಡೆಯ ಡಿಫೆನ್ಸ್ ಕಾದದ್ದು ಸುಳ್ಳಾಗುತ್ತಿತ್ತಾ? ಅದೇ ಡ್ರಾಫ್ಟ್‌ನ ಹರ್ಮನ್‌ಜೋತ್ ಖಬ್ರಾ ನಿಮ್ಮ ಪಟ್ಟಿಯಲ್ಲೇ ಇಲ್ಲ. ಡಿಫೆನ್ಸ್ ಆಗಲಿ, ಮಿಡ್‌ಫೀಲ್ಡ್ ಆಗಲಿ, ಎಲ್ಲಿ ನಿಲ್ಲಿಸಿದರೂ ಆಡಿದರು. ಅಂಥವರ ಕೆಲಸ ಗೋಲಿನ ಕಾಲಮ್ಮಿನಲ್ಲಿ ಕಾಣುವುದಿಲ್ಲ.

ಸುಭಾಶಿಷ್ ಬೋಸ್‌ಗೆ ಮಾತ್ರ ನೀವು ಪೂರ್ತಿ ಅಂಕ ಕೊಟ್ಟಿದ್ದೀರಿ. ಯಾರ ಲೆಕ್ಕದಲ್ಲಿ, ಸ್ವಾಮಿ? ಅವರನ್ನು ಆರಿಸಿದ್ದು ಬಿಎಫ್‌ಸಿ, ಆಡಿದ್ದು ಇಲ್ಲಿ ಒಂದೇ ಸೀಸನ್. ಆರಿಸಿದವರ ಕಣ್ಣು ಚುರುಕಾಗಿತ್ತು, ಒಪ್ಪೋಣ. ಫಲ ತಿಂದವರು ಬೇರೆ. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಫೈನಲ್‌ನಲ್ಲಿ ನಮ್ಮನ್ನು 2-1ರಿಂದ ಸೋಲಿಸಿ ಕಪ್ ಎತ್ತಿದ ಮೋಹನ್ ಬಾಗಾನ್ ನಾಯಕ ಇದೇ ಬೋಸ್. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಕಿರುಚಲಿಲ್ಲ.

- ಬಿಎಫ್‌ಸಿ ಅಭಿಮಾನಿ, ಮಲ್ಲೇಶ್ವರ, ಬೆಂಗಳೂರು